ಬೀಪ್ ಬರುತ್ತದೆ, ಬಾಗಿಲು ಬರುವುದಿಲ್ಲ: ಒಂದು ಎಲೆಕ್ಟ್ರಾನಿಕ್ ಸೇಫ್‌ನ ಪ್ರಕರಣ

ಎಲೆಕ್ಟ್ರಾನಿಕ್ ಸೇಫ್ ತೆರೆಯದಿದ್ದರೆ ಜನ ಮೊದಲು ಬೈಯುವುದು ಒಳಗಿನ ಸರ್ಕ್ಯೂಟ್ ಬೋರ್ಡನ್ನು. ನಂಬರ್ ಒತ್ತಿ ತೆರೆಯುವ ಪೆಟ್ಟಿಗೆ, ಕೆಟ್ಟರೆ ಎಲೆಕ್ಟ್ರಾನಿಕ್ಸೇ ಕೆಟ್ಟಿರಬೇಕು ಅಂತ ಲೆಕ್ಕ. ಬೀಗ, ಸೇಫ್ ರಿಪೇರಿ ಮಾಡಿಕೊಂಡು ಬಂದ ನನಗೆ ಕಂಡದ್ದು ಬೇರೆ. ಬೋರ್ಡ್ ಸುಟ್ಟುಹೋದದ್ದು ಅಪರೂಪ. ಜಾಸ್ತಿ ಸಲ ತೊಂದರೆ ಇರುವುದು ಕಬ್ಬಿಣದಲ್ಲಿ, ಇಲ್ಲವೇ ಸೆಲ್‌ನಲ್ಲಿ. ಒಂದೊಂದೇ ಬಂದರೆ ಹುಡುಕುವುದು ಸುಲಭ. ಎರಡೂ ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಸೆಲ್ ಬದಲಿಸಿದರೂ ತೆರೆಯುವುದಿಲ್ಲ, ಹಾಗಾಗಿ ಸೆಲ್‌ದು ತಪ್ಪಿಲ್ಲ ಅನ್ನಿಸುತ್ತದೆ. ಬಾಗಿಲು ಒತ್ತಿ ನೋಡಿದರೂ ತೆರೆಯುವುದಿಲ್ಲ, ಹಾಗಾಗಿ ಬಾಗಿಲದೂ ತಪ್ಪಿಲ್ಲ ಅನ್ನಿಸುತ್ತದೆ. ಉಳಿದದ್ದು ಬೋರ್ಡ್, ಅಲ್ವಾ? ಹೀಗೆ ಯೋಚಿಸಿ ಡ್ರಿಲ್ ಹಿಡಿದವರು ಬಹಳ ಮಂದಿ.

ಇಲ್ಲಿ ಹೇಳುವುದು ಅಂಥದೇ ಒಂದು ಪ್ರಕರಣ. ಉಡುಪಿ ಮತ್ತು ಮಂಗಳೂರಿನ ನಡುವೆ, ಹೆದ್ದಾರಿ 66ರ ಬದಿಯ ಒಂದು ಪೇಟೆ. ಅಲ್ಲೊಂದು ಜವಳಿ ಅಂಗಡಿ. ಕಡಲು ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಉಪ್ಪುಗಾಳಿ ಕಬ್ಬಿಣದ ಯಾವ ಸಾಮಾನನ್ನೂ ಬಿಡುವುದಿಲ್ಲ. ಗಲ್ಲಾದ ಹಿಂದಿನ ಕೋಣೆಯಲ್ಲಿ, ದೇವರ ಫೋಟೋದ ಕೆಳಗೆ, ಸೇಫ್ ಇತ್ತು. ಮನೆಗೆ, ಸಣ್ಣ ಅಂಗಡಿಗೆ ಸಾಮಾನ್ಯವಾಗಿ ಕೊಳ್ಳುವ ಜಾತಿಯದು. ಬಾಗಿಲ ಮೇಲೆ ನಂಬರ್ ಒತ್ತುವ ಕೀಪ್ಯಾಡ್, ಪಕ್ಕದಲ್ಲಿ ತಿರುಗಿಸುವ ಹಿಡಿ. ಎಡಗಡೆ ಬಿಜಾಗರಿ, ಬಲಗಡೆ ಚೌಕಟ್ಟಿನೊಳಗೆ ಹೋಗುವ ಮೂರು ಬೋಲ್ಟ್. ಬಾಗಿಲ ಒಳಮೈಯಲ್ಲಿ ನಾಲ್ಕು ಎಎ ಸೆಲ್, ಅಂದರೆ 6 ವೋಲ್ಟ್. ಒಳಗಿನ ಸೆಲ್ ಖಾಲಿಯಾದರೆ ಹೊರಗಿನಿಂದ ಕರೆಂಟ್ ಕೊಡಲು ಒಂದು ಸಣ್ಣ ಸೆಲ್ ಡಬ್ಬಿ ಕೂಡ ಕಂಪನಿ ಕೊಟ್ಟಿತ್ತು. ಕೀಪ್ಯಾಡ್ ಕೈಕೊಟ್ಟರೆ ತೆರೆಯಲು ಒಂದು ಜೊತೆ ಕೀಲಿಕೈಯೂ ಇತ್ತು. ಆ ಕೀಲಿಕೈ ಎಲ್ಲಿ ಎಂದು ಕೇಳಿದರೆ ಯಜಮಾನರು ಸೇಫ್ ಕಡೆಗೇ ಕೈ ತೋರಿಸಿದರು. ಒಳಗೇ ಇತ್ತು. ಈ ಉತ್ತರ ನನಗೆ ಹೊಸದಲ್ಲ. ಜೋಪಾನವಾಗಿ ಇಡಬೇಕಾದ್ದನ್ನು ಜನ ಸೇಫ್‌ನಲ್ಲೇ ಇಡುತ್ತಾರೆ.

"ಎಂತ ಮಾರಾಯ್ರೆ, ನಂಬರ್ ಒತ್ತಿದ್ರೆ ಬೀಪ್ ಬರ್ತದೆ, ಹಸಿರು ಲೈಟೂ ಬರ್ತದೆ. ಹಿಡಿ ಮಾತ್ರ ತಿರುಗುದಿಲ್ಲ. ಹೊಸ ಸೆಲ್ ಹಾಕಿ ಆಯ್ತು. ಬೋರ್ಡ್ ಹೋಗಿದೆ ಅಂತ ಹೇಳಿದ್ರು, ಡ್ರಿಲ್ ಮಾಡ್ಬೇಕಂತೆ."

ಮನೆಯಲ್ಲಿ ಮದುವೆ ಹತ್ತಿರ ಬಂದಿತ್ತು. ಹಾಕಿಕೊಳ್ಳಬೇಕಾದ ಚಿನ್ನ ಒಳಗಿತ್ತು. ಅವರ ಅವಸರ ಅರ್ಥವಾಗುವಂಥದ್ದೇ. ಸೇಫ್‌ನ ಬಿಲ್ ನೋಡಿ, ನಂಬರ್ ಅವರಿಗೇ ಗೊತ್ತಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಡ್ರಿಲ್ ಕೊನೆಯ ದಾರಿ, ಮೊದಲು ಸ್ವಲ್ಪ ವಿಚಾರಿಸೋಣ ಎಂದೆ.

ಮೊದಲು ಕೇಳಿದ್ದು

ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಬಾಯಿಬಿಟ್ಟು ಕೇಳಬೇಕು. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಯಾವಾಗಿನಿಂದ ಹೀಗೆ? ಒಂದೇ ಸಲ ನಿಂತಿತೋ, ಮೊದಲೇ ಸತಾಯಿಸುತ್ತಿತ್ತೋ? ಯಾರು ತೆರೆದರೆ ತೆರೆಯುತ್ತಿತ್ತು, ಯಾರಿಗೆ ಬರುತ್ತಿರಲಿಲ್ಲ?

ಮಳೆಗಾಲ ಶುರುವಾದ ಮೇಲೆ ಹಿಡಿ ಗಟ್ಟಿಯಾಯಿತು ಎಂದರು ಯಜಮಾನರು. ತುಕ್ಕು ಇರಬೇಕು ಎಂದು ಅವರ ಅಂದಾಜು. ಅಷ್ಟರಲ್ಲಿ ಚಹಾ ತಂದಿಟ್ಟ ಸೊಸೆ ಒಂದು ಮಾತು ಸೇರಿಸಿದರು: "ಮಳೆ ಅಲ್ಲ ಮಾವ, ನಾವು ಟೈಲ್ಸ್ ಹಾಕಿಸಿದ ಮೇಲೆ. ಅದಕ್ಕೆ ಮೊದಲು ನಾನೇ ಒಂದು ಕೈಯಲ್ಲಿ ತೆಗೀತಿದ್ದೆ."

ಕೋಣೆಗೆ ಹೊಸ ಟೈಲ್ಸ್ ಹಾಕಲು ಸೇಫನ್ನು ಕಿತ್ತು, ಕೆಲಸ ಮುಗಿದ ಮೇಲೆ ಮತ್ತೆ ನೆಲಕ್ಕೆ ಬಿಗಿದಿದ್ದರು. ನಾಲ್ಕು ಮೂಲೆಗೆ ನಾಲ್ಕು ಆಂಕರ್ ಬೋಲ್ಟ್. ಈ ಮಾತು ತಲೆಯಲ್ಲಿ ಉಳಿಯಿತು.

ಇನ್ನೂ ಎರಡು ವಿಷಯ ಹೊರಬಂದವು. ಹಿಡಿ ಗಟ್ಟಿಯಾದಾಗ ಒಬ್ಬ ಮೆಕ್ಯಾನಿಕ್ ಬಂದು ಕೀಪ್ಯಾಡ್ ಬದಲಿಸಿ ಹೋಗಿದ್ದರು. ಬಾಗಿಲು ತೆರೆದಿಟ್ಟುಕೊಂಡು ನಂಬರ್ ಒತ್ತಿ, ಹಿಡಿ ತಿರುಗಿಸಿ ತೋರಿಸಿದ್ದರು. ಚೆನ್ನಾಗಿಯೇ ಕೆಲಸ ಮಾಡಿತ್ತು. ಕೆಲವೇ ದಿನಗಳಲ್ಲಿ ಮತ್ತೆ ಅದೇ ಹಾಡು. ಎರಡನೆಯದು, ತುಕ್ಕು ಬಿಡಲಿ ಎಂದು ಯಜಮಾನರು ಹಿಡಿಯ ಸಂದಿಗೆ, ಬೋಲ್ಟ್‌ಗಳಿಗೆ ತೆಂಗಿನೆಣ್ಣೆ ಬಿಟ್ಟಿದ್ದರು. ನಮ್ಮ ಕಡೆ ಯಾವ ಬೀಗ ಗಟ್ಟಿಯಾದರೂ ಮೊದಲ ಔಷಧಿ ಅದೇ.

ಕೊನೆಗೆ, ನೀವು ಹೇಗೆ ತೆರೆಯುತ್ತೀರಿ, ಮಾಡಿ ತೋರಿಸಿ ಎಂದೆ. ಅವರು ಬಲಗೈಯಲ್ಲಿ ಹಿಡಿಯನ್ನು ಗಟ್ಟಿಯಾಗಿ ತೆರೆಯುವ ಕಡೆಗೆ ತಿರುಚಿ ಹಿಡಿದರು. ಎಡಗೈಯಲ್ಲಿ ನಂಬರ್ ಒತ್ತಿದರು. ಗೆಣ್ಣು ಬೆಳ್ಳಗಾಗುವಷ್ಟು ಬಲ ಹಾಕಿದ್ದರು. ಇದು ಬಹಳ ದೊಡ್ಡ ಸುಳಿವು. ಯಾಕೆ ಎಂದು ತಿಳಿಯಲು ಈ ಸೇಫ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಸೊಲೆನಾಯ್ಡ್ ಬಾಗಿಲು ತೆರೆಯುವುದಿಲ್ಲ

ಇಂಥ ಸೇಫ್‌ನಲ್ಲಿ ಬೋಲ್ಟ್‌ಗಳನ್ನು ಎಳೆಯುವುದು ನಮ್ಮ ಕೈ. ಮೂರೂ ಬೋಲ್ಟ್ ಒಂದು ಕಬ್ಬಿಣದ ಪಟ್ಟಿಗೆ ಸೇರಿರುತ್ತವೆ. ಹಿಡಿ ತಿರುಗಿಸಿದರೆ ಪಟ್ಟಿ ಸರಿಯುತ್ತದೆ. ಆ ಪಟ್ಟಿ ಸರಿಯದಂತೆ ಅಡ್ಡ ನಿಲ್ಲುವುದು ಕಿರುಬೆರಳಿಗಿಂತ ಸಣ್ಣ ಒಂದು ಕಬ್ಬಿಣದ ಕಡ್ಡಿ. ಅದಕ್ಕೆ ಪ್ಲಂಜರ್ ಅನ್ನುತ್ತಾರೆ. ಅದರ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದೇ ಸೊಲೆನಾಯ್ಡ್. ಸರಿಯಾದ ನಂಬರ್ ಬಿದ್ದರೆ ಬೋರ್ಡ್ ಸುಮಾರು ಐದು ಸೆಕೆಂಡ್ ಆ ಸುರುಳಿಗೆ ಕರೆಂಟ್ ಕೊಡುತ್ತದೆ. ಕಡ್ಡಿ ಒಳಗೆ ಸೇದಿಕೊಳ್ಳುತ್ತದೆ, ಪಟ್ಟಿಯ ದಾರಿ ಬಿಡುತ್ತದೆ. ಆಗ ಕೇಳುವುದೇ ಆ 'ಟಕ್'. ಕರೆಂಟ್ ನಿಂತ ಕೂಡಲೇ ಸಣ್ಣ ಸ್ಪ್ರಿಂಗ್ ಕಡ್ಡಿಯನ್ನು ಮತ್ತೆ ಹೊರಗೆ ತಳ್ಳುತ್ತದೆ.

ಹಳೆ ಮನೆಗಳ ಚಿಲಕಕ್ಕೆ ಸಿಕ್ಕಿಸುವ ಗೂಟ ನೋಡಿದ್ದೀರಲ್ಲ. ಚಿಲಕ ಎಳೆದು ಹಿಡಿದರೆ ಗೂಟ ಅಲ್ಲಾಡುವುದಿಲ್ಲ, ಎಷ್ಟು ಎಳೆದರೂ ಬರುವುದಿಲ್ಲ. ಚಿಲಕ ಸಡಿಲ ಬಿಟ್ಟರೆ ಮಗು ಕೂಡ ತೆಗೆಯುತ್ತದೆ. ಪ್ಲಂಜರ್ ಕಥೆಯೂ ಅಷ್ಟೇ. ಹಿಡಿಗೆ ಬಲ ಹಾಕಿಟ್ಟು ನಂಬರ್ ಒತ್ತಿದರೆ ಪಟ್ಟಿ ಬಂದು ಕಡ್ಡಿಗೆ ಪಕ್ಕದಿಂದ ಒತ್ತುತ್ತದೆ. ಕಡ್ಡಿ ಸಿಕ್ಕಿಕೊಳ್ಳುತ್ತದೆ. ಸೊಲೆನಾಯ್ಡ್‌ಗೆ ಅದನ್ನು ಎಳೆಯುವ ತಾಕತ್ತು ಇರುವುದಿಲ್ಲ, ಇರಬೇಕು ಎಂದು ಮಾಡಿದ್ದೂ ಅಲ್ಲ.

ಹಾಗಾಗಿ ನಾನು ಮೊದಲು ಕಿವಿಗೆ ಕೆಲಸ ಕೊಡುತ್ತೇನೆ. ನಂಬರ್ ಒತ್ತುವಾಗ ಬೀಪೇ ಬರದಿದ್ದರೆ ಕರೆಂಟ್ ಇಲ್ಲ, ಇಲ್ಲವೇ ಕೀಪ್ಯಾಡ್ ಕೆಟ್ಟಿದೆ. ಬೀಪ್ ಬಂದು 'ಟಕ್' ಬರದಿದ್ದರೆ ಸೆಲ್ ಸೋತಿದೆ, ಇಲ್ಲವೇ ಕಡ್ಡಿ ಸಿಕ್ಕಿಕೊಂಡಿದೆ, ಇಲ್ಲವೇ ಸುರುಳಿಯ ತಂತಿ ಕಡಿದಿದೆ. 'ಟಕ್' ಸರಿಯಾಗಿ ಬಂದೂ ಹಿಡಿ ತಿರುಗದಿದ್ದರೆ ಎಲೆಕ್ಟ್ರಾನಿಕ್ಸ್ ತನ್ನ ಕೆಲಸ ಮುಗಿಸಿದೆ. ಇನ್ನು ಹುಡುಕಬೇಕಾದ್ದು ಬೋಲ್ಟ್, ಬಾಗಿಲು, ಚೌಕಟ್ಟಿನಲ್ಲಿ.

ಇಲ್ಲಿ ಏನಾಗುತ್ತಿತ್ತು? ಅವಸರದಲ್ಲಿ ತಪ್ಪು ಒತ್ತಿ ಒತ್ತಿ ಸೇಫ್ ಕೆಲಹೊತ್ತು ಯಾವ ನಂಬರನ್ನೂ ತೆಗೆದುಕೊಳ್ಳದ ಸ್ಥಿತಿಗೆ ಹೋಗಿತ್ತು. ತಪ್ಪು ನಂಬರ್ ಮೂರು ಸಲ ಬಿದ್ದರೆ ಹೀಗಾಗುವ ಮಾದರಿಗಳು ಬಹಳ ಇವೆ. ಅದಕ್ಕೆ ಮೊದಲು ಸುಮ್ನೆ ಬಿಟ್ಟೆವು. ಚಹಾ ಕುಡಿದು ಮುಗಿಸಿ, ಹಿಡಿ ಮುಟ್ಟದೆ ನಂಬರ್ ಒತ್ತಿದೆ. ಪ್ರತಿ ಗುಂಡಿಗೂ ಬೀಪ್ ಬಂತು. ಗುಂಡಿಗಳ ಸಂದಿಯಲ್ಲಿ ಪೂಜೆಯ ಕುಂಕುಮ, ಗಂಧ ಒಣಗಿ ಕೂತಿತ್ತು. ಆದರೆ ಒಂದೂ ಗುಂಡಿ ತಪ್ಪದೆ ಬೀಪ್ ಕೊಟ್ಟಿದ್ದರಿಂದ ಕೀಪ್ಯಾಡ್ ಮೇಲೆ ಅನುಮಾನ ಬೇಡ. ಕೊನೆಯಲ್ಲಿ ಹಸಿರು ದೀಪ ಬಂತು, ಬಂದ ಕ್ಷಣದಲ್ಲೇ ಮಂಕಾಯಿತು. 'ಟಕ್' ಬರಲಿಲ್ಲ. ಬಾಗಿಲಿಗೆ ಕಿವಿ ಇಟ್ಟರೆ ಒಳಗೆ ಸಣ್ಣಗೆ ಗೀರಿದಂಥ ಸದ್ದು ಮಾತ್ರ.

ದೀಪ ಮಂಕಾದದ್ದು ಎಲ್ಲ ಹೇಳಿತು. ಬೋರ್ಡ್ ನಂಬರನ್ನು ಒಪ್ಪಿದೆ, ಸುರುಳಿಗೆ ಕರೆಂಟ್ ಬಿಟ್ಟಿದೆ, ಆಗ ಸೆಲ್ ಕುಸಿದಿದೆ. ಬೋರ್ಡ್ ಬದುಕಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

"ಸೆಲ್ ಕಳಚಿದಾಗ ನಂಬರ್ ಅಳಿಸಿ ಹೋಗಿರಬಹುದಾ?" ಎಂದು ಸೊಸೆ ಕೇಳಿದರು. ಬಹಳ ಜನರಿಗೆ ಈ ಭಯ ಇದೆ. ಇಂಥ ಸೇಫ್‌ಗಳಲ್ಲಿ ನಂಬರ್ ಉಳಿಯುವುದು ಕರೆಂಟ್ ಇಲ್ಲದಿದ್ದರೂ ಅಳಿಸದ ಮೆಮೊರಿಯಲ್ಲಿ. ಹಸಿರು ದೀಪ ಬಂತು ಎಂದರೆ ನಂಬರ್ ಸರಿ ಇದೆ ಎಂದೇ ಅರ್ಥ.

ಗಡಿಯಾರದ ಸೆಲ್

ಹೊರಗಿನ ಡಬ್ಬಿಯಲ್ಲಿ ನಾಲ್ಕು ಹೊಚ್ಚ ಹೊಸ ಸೆಲ್ ಇದ್ದವು. ಆದರೆ ಅವು ಗಡಿಯಾರಕ್ಕೆ, ಟಿವಿ ರಿಮೋಟ್‌ಗೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್. ಅಂಗಡಿಯಲ್ಲಿ "ಸೆಲ್ ಕೊಡಿ" ಎಂದರೆ ಸಿಗುವುದು ಅದೇ. ಗಡಿಯಾರಕ್ಕೆ ಅದು ಧಾರಾಳ ಸಾಕು, ಯಾಕೆಂದರೆ ಗಡಿಯಾರ ಕೇಳುವ ಕರೆಂಟ್ ಅಷ್ಟು ಕಡಿಮೆ. ಸೊಲೆನಾಯ್ಡ್ ಹಾಗಲ್ಲ. ಕೆಲವೇ ಸೆಕೆಂಡ್ ಆದರೂ ಜೋರಾಗಿ ಕೇಳುತ್ತದೆ.

ಮೀಟರ್ ಇಟ್ಟೆ. ಸುಮ್ಮನೆ ಇರುವಾಗ 6.3 ವೋಲ್ಟ್. ಇದನ್ನು ನೋಡಿದ ಯಾರಾದರೂ ಸೆಲ್ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇಲ್ಲೇ ಮೋಸ ಹೋಗುವುದು. ಸೆಲ್ಲನ್ನು ಕೆಲಸ ಮಾಡುವಾಗ ಅಳೆಯಬೇಕು. ಮೀಟರ್‌ನಲ್ಲಿ ಅತಿ ಕಡಿಮೆ ರೀಡಿಂಗ್ ಹಿಡಿದಿಡುವ ಬಟನ್ ಇದ್ದರೆ ಒತ್ತಿಡಿ, ಕಣ್ಣಿಗೆ ತಪ್ಪಿದರೂ ಅದು ಹಿಡಿಯುತ್ತದೆ. ನಂಬರ್ ಒತ್ತಿದೆ. ಸುರುಳಿಗೆ ಕರೆಂಟ್ ಹೋದ ಹೊತ್ತಿಗೆ 4.2ಕ್ಕೆ ಬಿತ್ತು.

ಡಬ್ಬಿಯ ಸ್ಪ್ರಿಂಗ್‌ಗಳನ್ನು ನೋಡಿದರೆ ತುದಿಯಲ್ಲಿ ಕಂದು ತುಕ್ಕು. ಕರೆಂಟಿಗೆ ಸೆಲ್ಲಿನ ಒಳಗೇ ಇರುವ ಅಡೆತಡೆಗೆ ಈ ತುಕ್ಕಿನದೂ ಸೇರಿತ್ತು. ಎಮರಿ ಪೇಪರ್‌ನಿಂದ ಸ್ಪ್ರಿಂಗ್ ತುದಿ ಹೊಳೆಯುವವರೆಗೆ ಉಜ್ಜಿ, ಜೋರಾಗಿ ಕೇಳಿದರೂ ಕರೆಂಟ್ ಕೊಡಬಲ್ಲ ಆಲ್ಕಲೈನ್ ಸೆಲ್ಲನ್ನು ನನ್ನ ಚೀಲದಿಂದ ತೆಗೆದು ಹಾಕಿದೆ. ಸುಮ್ಮನಿರುವಾಗ 6.4. ಎಳೆಯುವಾಗ 5.7.

ಸುಮ್ಮನಿರುವಾಗಿನ ವ್ಯತ್ಯಾಸ 0.1 ವೋಲ್ಟ್. ಕೆಲಸದ ಹೊತ್ತಿನ ವ್ಯತ್ಯಾಸ 1.5. ಇದರ ಪರಿಣಾಮ ಎಷ್ಟು ಎಂದು ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಆಮೇಲೆ ಸುರುಳಿಯ ಅಡೆತಡೆ ಅಳೆದಾಗ 9 ಓಂ ಬಂತು. 5.7 ವೋಲ್ಟ್‌ನಲ್ಲಿ ಅದರೊಳಗೆ ಹರಿಯುವುದು ಸುಮಾರು 0.63 ಆಂಪಿಯರ್, 4.2ರಲ್ಲಿ ಸುಮಾರು 0.47. ಅಂದರೆ ಕಾಲು ಭಾಗ ಕಡಿಮೆ. ಆದರೆ ಸೊಲೆನಾಯ್ಡ್‌ನ ಎಳೆತ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಕರೆಂಟ್ ಅರ್ಧವಾದರೆ ಎಳೆತ ಕಾಲಂಶ. ಇಲ್ಲಿ ಕಾಲು ಭಾಗ ಕರೆಂಟ್ ತಗ್ಗಿದ್ದಕ್ಕೆ ಎಳೆತ ಹೆಚ್ಚುಕಡಿಮೆ ಅರ್ಧಕ್ಕೇ ಇಳಿದಿತ್ತು. ಬೀಪ್‌ಗೂ ದೀಪಕ್ಕೂ ಬೇಕಾದ ಕರೆಂಟ್ ತೀರಾ ಕಡಿಮೆ, ಅದಕ್ಕೇ ಅವು ಕೊನೆಯವರೆಗೂ ಎಲ್ಲ ಸರಿ ಇದೆ ಎನ್ನುವಂತೆ ನಡೆಯುತ್ತವೆ.

ಚಾರ್ಜ್ ಮಾಡುವ ಎಎ ಸೆಲ್ ಕೂಡ ಇಲ್ಲಿಗೆ ಬೇಡ. ಅವು ತಲಾ 1.2 ವೋಲ್ಟ್, ನಾಲ್ಕು ಸೇರಿದರೆ 4.8. ಕರೆಂಟ್ ಚೆನ್ನಾಗಿ ಕೊಡುತ್ತವೆ, ಆದರೆ ಬೋರ್ಡ್ ಅದನ್ನೇ ಸೆಲ್ ಕಡಿಮೆ ಎಂದು ತಿಳಿದು ಕೂಗಬಹುದು.

ಆಲ್ಕಲೈನ್ ಹಾಕಿದ ಮೇಲೆ 'ಟಕ್' ಗಟ್ಟಿಯಾಗಿ ಬಂತು. ಯಜಮಾನರ ಮುಖ ಅರಳಿತು. ಆದರೆ ಹಿಡಿ ಅರ್ಧಕ್ಕೂ ಕಡಿಮೆ ತಿರುಗಿ ನಿಂತಿತು. ನಿಂತದ್ದು ಮೊದಲಿನ ಹಾಗೆ ಥಟ್ಟನೆ ಅಲ್ಲ, ಉಜ್ಜಿಕೊಂಡು ಬಂದು ಬಿಗಿಯಾಗಿ. ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಕಡ್ಡಿ ಅಡ್ಡ ಇದ್ದರೆ ಹಿಡಿ ಗೋಡೆಗೆ ಬಡಿದ ಹಾಗೆ ನಿಲ್ಲುತ್ತದೆ. ಬೋಲ್ಟ್ ತಿಕ್ಕುತ್ತಿದ್ದರೆ ಸ್ವಲ್ಪ ಸರಿದು ಸಿಕ್ಕಿಕೊಳ್ಳುತ್ತದೆ. ಅಂದರೆ ಮೊದಲ ತೊಂದರೆ ತೀರಿ, ಅದರ ಹಿಂದೆ ಅಡಗಿದ್ದ ಎರಡನೆಯದು ಈಗ ಕಾಣಿಸಿಕೊಂಡಿತು.

ಇಲ್ಲಿ ಬಲ ಹಾಕಬಾರದು. ಇಂಥ ಸೇಫ್‌ನ ಹಿಡಿಯ ಒಳಕಡ್ಡಿ ತಿರುಚಿ ಮುರಿದರೆ ಆಮೇಲೆ ನಿಜವಾಗಿಯೂ ಡ್ರಿಲ್ಲೇ ಗತಿ. ಹಿಡಿಯನ್ನು ಮೆತ್ತಗೆ ಮುಚ್ಚುವ ಕಡೆಗೆ ತಿರುಗಿಸಿಟ್ಟೆ.

ವಿಸಿಟಿಂಗ್ ಕಾರ್ಡ್ ಮತ್ತು ಬೆಣೆ

ಟೈಲ್ಸ್‌ನ ಮಾತು ಈಗ ಉಪಯೋಗಕ್ಕೆ ಬಂತು. ಒಂದು ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು ಬಾಗಿಲಿನ ಸುತ್ತ ಸಂದಿಯಲ್ಲಿ ಆಡಿಸಿದೆ. ಬಿಜಾಗರಿ ಇರುವ ಎಡಗಡೆ ಮೇಲಿನಿಂದ ಕೆಳಗೆ ಒಂದೇ ಸಮ. ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಹೋಗುತ್ತ ಹೋಗುತ್ತ ಬಿಗಿಯಾಯಿತು, ಬಲಮೂಲೆಯಲ್ಲಿ ಕಾರ್ಡ್ ಒಳಗೇ ಹೋಗಲಿಲ್ಲ. ಕೆಳಂಚಿನ ಬಲಮೂಲೆಯಲ್ಲಿ ಮಾತ್ರ ಕಾರ್ಡ್ ಮಡಚಿ ಎರಡು ಪದರ ಮಾಡಿದರೂ ಸಲೀಸಾಗಿ ಹೋಯಿತು.

ಬಾಗಿಲು ಬಿಜಾಗರಿಯಲ್ಲಿ ಇಳಿದಿದ್ದರೆ ಬಲಗಡೆ ಮೇಲೆ ಸಂದಿ ಅಗಲವಾಗಿ, ಕೆಳಗೆ ಬಿಗಿಯಾಗಬೇಕಿತ್ತು. ಇಲ್ಲಿ ತದ್ವಿರುದ್ಧ. ಇಳಿದದ್ದು ಬಾಗಿಲಲ್ಲ, ಚೌಕಟ್ಟಿನ ಬಲಗಡೆ. ಅದೇ ಕಾರ್ಡನ್ನು ಸೇಫ್‌ನ ಅಡಿಗೆ ತಳ್ಳಿ ನೋಡಿದೆ. ಮೂರು ಮೂಲೆಯಲ್ಲಿ ಹೋಗಲಿಲ್ಲ. ಮುಂದಿನ ಬಲಮೂಲೆಯಲ್ಲಿ ಸಂದಿ ಇತ್ತು. ಆ ಜಾಗದಲ್ಲಿ ಟೈಲ್ ತಗ್ಗಾಗಿ ಕೂತಿದೆ. ತಗ್ಗಿನ ಮೇಲೆ ನಿಂತ ಮೂಲೆಯನ್ನು ಆಂಕರ್ ಬೋಲ್ಟ್ ಹಾಕಿ ಬಿಗಿದಾಗ, ಬೋಲ್ಟ್ ಆ ಮೂಲೆಯನ್ನು ಕೆಳಗೆ ಎಳೆದಿದೆ. ಬ್ಯಾಂಕಿನ ದಪ್ಪ ತಿಜೋರಿ ಆಗಿದ್ದರೆ ಇಷ್ಟಕ್ಕೆ ಜಗ್ಗುತ್ತಿರಲಿಲ್ಲ. ತೆಳು ತಗಡಿನ ಮನೆ ಸೇಫ್ ತಿರುಚಿಕೊಳ್ಳುತ್ತದೆ. ಚೌಕಟ್ಟು ಕೆಳಗಿಳಿದಾಗ ಬೋಲ್ಟ್ ಹೋಗುವ ತೂತುಗಳೂ ಇಳಿಯುತ್ತವೆ. ಬೋಲ್ಟಿನ ಮೇಲ್ಮೈ ತೂತಿನ ಅಂಚಿಗೆ ತಿಕ್ಕುತ್ತದೆ.

ನೆಲಕ್ಕೆ ಬಿಗಿದ ಆಂಕರ್ ಬೋಲ್ಟ್ ಸಡಿಲಿಸೋಣ ಎಂದರೆ ಅದು ಸೇಫ್‌ನ ಒಳಗಿದೆ. ಹೊರಗಿನಿಂದ ಮಾಡಬಹುದಾದ್ದು ಒಂದೇ, ಇಳಿದ ಮೂಲೆಯನ್ನು ಕೂದಲೆಳೆಯಷ್ಟು ಮೇಲೆತ್ತುವುದು. ಗಟ್ಟಿ ಮರದ ತೆಳು ಬೆಣೆಯೊಂದನ್ನು ಆ ಮೂಲೆಯಡಿ ಇಟ್ಟೆ. ಮೇಲಿನ ಬಲಮೂಲೆಯ ಸಂದಿಗೆ ಕಾರ್ಡಿನ ಅಂಚು ತಾಗಿಸಿ ಹಿಡಿಯಲು ಸೊಸೆಗೆ ಹೇಳಿದೆ. ರಬ್ಬರ್ ಸುತ್ತಿಗೆಯಿಂದ ಬೆಣೆಗೆ ಮೆಲ್ಲಗೆ ತಟ್ಟಿದೆ. ತಟ್ಟಿದ ಹಾಗೆಲ್ಲ ಸಂದಿ ಬಿಡಿಸಿಕೊಂಡಿತು. "ಹೋಗ್ತಾ ಉಂಟು, ಹೋಗ್ತಾ ಉಂಟು" ಎನ್ನುವಷ್ಟರಲ್ಲಿ ಕಾರ್ಡ್ ಅರ್ಧ ಒಳಗೆ ಇಳಿದಿತ್ತು.

ಹಿಡಿಯನ್ನು ಮುಚ್ಚುವ ಕಡೆಗೆ ಸರಿಸಿ ಕಡ್ಡಿಯ ಮೇಲಿನ ಒತ್ತಡ ತೆಗೆದೆ. ನಂಬರ್ ಒತ್ತಿದೆ. 'ಟಕ್' ಕೇಳಿದ ಮೇಲೆ, ಅದಕ್ಕೆ ಮೊದಲಲ್ಲ, ಹಿಡಿಯನ್ನು ತೆರೆಯುವ ಕಡೆಗೆ ತಿರುಗಿಸಿದೆ. ತಿರುಗಿತು. ಬಾಗಿಲು ತೆರೆಯಿತು.

ಮದುವೆಯ ಚಿನ್ನ ಅಲ್ಲೇ ಮನೆಯವರ ಕೈಗೆ ಹೋಯಿತು. ಯಜಮಾನರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು. ಇಷ್ಟಕ್ಕೇ ಮುಗಿಯಿತು ಎಂದು ಹೊರಟರೆ ಹಿಂದಿನ ಮೆಕ್ಯಾನಿಕ್ ಮಾಡಿದ್ದನ್ನೇ ನಾನೂ ಮಾಡಿದ ಹಾಗಾಗುತ್ತಿತ್ತು. ನಿಜವಾದ ಪರೀಕ್ಷೆ ಇನ್ನು ಶುರು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಬಾಗಿಲು ತೆರೆದಿಟ್ಟು ಹಿಡಿ ತಿರುಗಿಸಿ ಬೋಲ್ಟ್ ಹೊರಗೆ ಬಿಟ್ಟೆ. ಬೇಕೆಂದೇ ಗಡಿಯಾರದ ಸೆಲ್ಲನ್ನೇ ಮತ್ತೆ ಹಾಕಿದೆ. ನಂಬರ್ ಒತ್ತಿದರೆ ಸ್ವಲ್ಪ ಸೋಮಾರಿ 'ಟಕ್' ಬಂತು, ಹಿಡಿ ತಿರುಗಿತು. ಇದೇ ಈ ಪ್ರಕರಣದ ಗುಟ್ಟು. ಬಾಗಿಲು ತೆರೆದಿದ್ದಾಗ ಬೋಲ್ಟ್‌ಗೆ ತಿಕ್ಕುವ ಚೌಕಟ್ಟೇ ಇಲ್ಲ. ಹಿಡಿ ಹಗುರ. ಹಗುರ ಇದ್ದ ಮೇಲೆ ಯಾರೂ ಅದನ್ನು ತಿರುಚಿ ಹಿಡಿಯುವುದಿಲ್ಲ. ಬಾಗಿಲು ಮುಚ್ಚಿದ್ದಾಗ ಹಿಡಿಯಿಂದ ಕೈ ತೆಗೆದರೂ ಬಿಗಿದ ಬೋಲ್ಟ್ ಪಟ್ಟಿಯನ್ನು ಕಡ್ಡಿಗೆ ಒತ್ತಿಯೇ ಹಿಡಿದಿತ್ತು, ಈಗ ಕಡ್ಡಿಯ ಮೇಲೆ ಒತ್ತಡ ಇಲ್ಲ. ಆಗ ಅರ್ಧ ಬಲದ ಸೊಲೆನಾಯ್ಡ್ ಕೂಡ ಎಳೆದುಬಿಡುತ್ತದೆ. ಕೀಪ್ಯಾಡ್ ಬದಲಿಸಿದ ದಿನ ಎಲ್ಲ ಸರಿ ಕಂಡದ್ದು ಇದೇ ಕಾರಣಕ್ಕೆ.

ಬಾಗಿಲು ತೆರೆದಾಗ ಕೆಲಸ ಮಾಡಿ ಮುಚ್ಚಿದಾಗ ಕೆಡುತ್ತದೆ ಎಂದರೆ ತೊಂದರೆ ಬಾಗಿಲು ಮತ್ತು ಚೌಕಟ್ಟಿನ ನಡುವೆ. ತೆರೆದಾಗಲೂ ಮುಚ್ಚಿದಾಗಲೂ ಕೆಟ್ಟರೆ ಬಾಗಿಲ ಒಳಗಿನ ಬೀಗದಲ್ಲಿ, ಇಲ್ಲವೇ ಕರೆಂಟಿನಲ್ಲಿ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ಕಲಿಸುವುದೇ ಇದು. ತೆರೆದಿಟ್ಟು ಪರೀಕ್ಷೆ ಮಾಡುವುದು ಕಡ್ಡಾಯ, ಹೊಸ ನಂಬರ್ ಹಾಕಿದಾಗಲಂತೂ ಹಾಗೆ ನೋಡದೆ ಬಾಗಿಲು ಮುಚ್ಚಲೇಬಾರದು. ಆದರೆ ಅಷ್ಟರಲ್ಲೇ ನಿಲ್ಲಿಸಬಾರದು. ಕೀಲಿಕೈ ಹೊರಗೆ ಕೈಯಲ್ಲಿಟ್ಟುಕೊಂಡು, ಅದು ತೆರೆಯುತ್ತದೆ ಎಂದು ಮೊದಲೇ ನೋಡಿಕೊಂಡು, ಬಾಗಿಲು ಮುಚ್ಚಿಯೂ ಪರೀಕ್ಷಿಸಬೇಕು.

ಬೋಲ್ಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿದೆವು. ಮೂರರ ಮೇಲ್ಮೈಯಲ್ಲೂ ಬಣ್ಣ ಉಜ್ಜಿ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಮೈಯಲ್ಲಿ ಬಣ್ಣ ಹಾಗೇ ಇತ್ತು. ಚೌಕಟ್ಟು ಇಳಿದಿತ್ತು ಎಂಬ ಮಾತಿಗೆ ಇದು ಪುರಾವೆ. ಒಳಗಿನ ಆಂಕರ್ ಬೋಲ್ಟ್ ಬಿಚ್ಚುವ ಮೊದಲು ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಟೇಪ್‌ನಲ್ಲಿ ಅಳೆದೆ. ಬೆಣೆ ತೆಗೆದಾಗ ಎರಡು ಅಳತೆಗೆ 3 ಮಿಲಿಮೀಟರ್ ವ್ಯತ್ಯಾಸ. ಮುಂದಿನ ಬಲಮೂಲೆಯ ಬೋಲ್ಟ್ ಸಡಿಲಿಸುತ್ತಿದ್ದ ಹಾಗೆ ಸೇಫ್ ಒಂದು ಸಣ್ಣ ಸದ್ದು ಮಾಡಿ ಮೇಲೆದ್ದಿತು. ಮತ್ತೆ ಅಳೆದರೆ ವ್ಯತ್ಯಾಸ 1 ಮಿಲಿಮೀಟರ್‌ಗೂ ಕಡಿಮೆ.

ಬಾಗಿಲ ಒಳಗಿನ ತಗಡು ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ತೆಂಗಿನೆಣ್ಣೆ ಹಿಡಿಯ ಕಡ್ಡಿಯ ಗುಂಟ ಇಳಿದು ಸೊಲೆನಾಯ್ಡ್‌ವರೆಗೂ ಹೋಗಿತ್ತು. ಬಟ್ಟೆ ಅಂಗಡಿಯ ನವಿರು ನೂಲಿನ ಧೂಳು ಅದಕ್ಕೆ ಅಂಟಿ, ಪ್ಲಂಜರ್ ಸುತ್ತ ಕಂದು ಬಣ್ಣದ ಜಿಗುಟು ಲೇಪ. ಬೆರಳಲ್ಲಿ ಒತ್ತಿ ಬಿಟ್ಟರೆ ಕಡ್ಡಿ ಸ್ಪ್ರಿಂಗ್‌ನ ಬಲಕ್ಕೆ ಥಟ್ಟನೆ ಹೊರಗೆ ಬರಬೇಕು. ಇದು ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ಬಂತು. ಬಾಗಿಲಿಗೆ ಕಿವಿ ಇಟ್ಟಾಗ ಕೇಳಿದ ಗೀರುವ ಸದ್ದು ಇದರದೇ.

ಪ್ಲಂಜರ್ ಹೊರತೆಗೆದು, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಸುರುಳಿಯ ಒಳಗನ್ನೂ ಬಟ್ಟೆ ಸುತ್ತಿದ ಕಡ್ಡಿಯಿಂದ ಶುಚಿ ಮಾಡಿದೆ. ಮತ್ತೆ ಎಣ್ಣೆ ಹಾಕಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ: ಸೊಲೆನಾಯ್ಡ್ ಒಣಗಿರಬೇಕು. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಡಬ್ಲ್ಯೂಡಿ 40, ಯಾವುದೂ ಅಲ್ಲಿಗೆ ಬೇಡ. ಬೋಲ್ಟ್ ಮತ್ತು ಪಟ್ಟಿ ಸರಿಯುವ ಜಾಗಕ್ಕೆ ಮಾತ್ರ ಬಿಳಿ ಲಿಥಿಯಂ ಗ್ರೀಸ್, ಅದೂ ಬೆರಳ ತುದಿಯಷ್ಟು.

ಮತ್ತೆ ಕೂರಿಸಿದ್ದು

ಕೆಲವರು ಇಂಥ ಕಡೆ ಅರ ಹಿಡಿದು ಬೋಲ್ಟಿನ ತೂತನ್ನು ಅಗಲ ಮಾಡಿಬಿಡುತ್ತಾರೆ. ಬೇಗ ಮುಗಿಯುತ್ತದೆ, ಹಿಡಿಯೂ ಹಗುರ ಆಗುತ್ತದೆ. ನನಗೆ ಆ ದಾರಿ ಇಷ್ಟವಿಲ್ಲ. ಬೋಲ್ಟ್ ಚೌಕಟ್ಟಿನಲ್ಲಿ ಸರಿಯಾಗಿ ಕೂರುವುದೇ ಸೇಫ್‌ಗೆ ಬಲ. ತಪ್ಪು ನೆಲದಲ್ಲಿದ್ದರೆ ನೆಲದಲ್ಲೇ ಸರಿಪಡಿಸಬೇಕು.

ನಾಲ್ಕೂ ಬೋಲ್ಟ್ ಸಡಿಲಿಸಿ, ರಸಮಟ್ಟ ಇಟ್ಟು ನೋಡಿದೆವು. ತಗ್ಗಾದ ಮೂಲೆಯಡಿ ತುಕ್ಕು ಹಿಡಿಯದ ಸ್ಟೀಲ್ ವಾಷರ್‌ಗಳನ್ನು ಆಂಕರ್ ಬೋಲ್ಟಿನ ಸುತ್ತಲೇ ಬರುವಂತೆ ಇಟ್ಟೆ. ರಟ್ಟು, ಮರದ ತುಂಡು ಇಟ್ಟರೆ ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಸೇಫ್ ನಾಲ್ಕೂ ಮೂಲೆಯಲ್ಲಿ ಅಲ್ಲಾಡದೆ ಕೂತ ಮೇಲೆ, ಒಂದೊಂದು ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿದೆ. ಬಿಗಿಯುವಾಗ ಬಾಗಿಲನ್ನು ಆಗಾಗ ಮುಚ್ಚಿ ಕಾರ್ಡ್ ಆಡಿಸಿ ನೋಡುತ್ತಿದ್ದೆ. ಸಂದಿ ಬದಲಾದರೆ ಆ ಬೋಲ್ಟ್ ಮತ್ತೆ ಸೇಫನ್ನು ತಿರುಚುತ್ತಿದೆ ಎಂದು ಅರ್ಥ. ಈ ಹೊತ್ತಿಗೆ ಎಲ್ಲ ಕಡೆ ಕಾರ್ಡ್ ಒಂದೇ ಸಮ ಓಡಿತು.

ಲೆಕ್ಕದ ಪುಸ್ತಕಗಳನ್ನು ಬಾಗಿಲಿಗೆ ಒತ್ತುವಷ್ಟು ತುಂಬಿದ್ದರು. ಒಂದು ಕಟ್ಟನ್ನು ಕಪಾಟಿಗೆ ಕಳಿಸಿದೆವು. ಒಳಗಿನಿಂದ ಬಾಗಿಲಿಗೆ ಒತ್ತಡ ಬಿದ್ದರೂ ಬೋಲ್ಟ್ ಚೌಕಟ್ಟಿಗೆ ಒತ್ತಿ ಬಿಗಿಯಾಗುತ್ತದೆ.

ಒಳಗಿನ ಸೆಲ್ ಪೆಟ್ಟಿಗೆಗೂ ಆಲ್ಕಲೈನ್ ಹಾಕಿ, ಎಳೆಯುವಾಗಿನ ರೀಡಿಂಗ್ 5.7 ಎಂದು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಮೈಗೆ ಅಂಟಿಸಿದೆ. ಮುಂದೆ ಯಾರೇ ರಿಪೇರಿಗೆ ಬಂದರೂ ಹೋಲಿಸಿ ನೋಡಲು ಒಂದು ಅಂಕಿ ಸಿಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಾಗಿಲು ತೆರೆದಿರುವಾಗಲೇ ಸೆಲ್ ಬದಲಿಸಿ ಎಂದೆ. ಕೂಗು ಬಂದ ಮೇಲೆ ಎಂದು ಕಾಯುವುದು ಬೇಡ. ನಂಬರ್ ಕೂಡ ಅಂಗಡಿಯಿಂದ ತಂದಾಗಿನದೇ ಇತ್ತು. ಮ್ಯಾನುಯಲ್‌ನಲ್ಲಿ ಅಚ್ಚಾಗಿರುವ ಆ ನಂಬರ್ ಅದೇ ಮಾದರಿಯ ಸೇಫ್ ಕೊಂಡ ಎಲ್ಲರಿಗೂ ಗೊತ್ತಿರುತ್ತದೆ. ದಿನಾ ಬಳಸುವ ನಂಬರ್, ಅದು ಮರೆತರೆ ತೆರೆಯಲು ಇರುವ ಮಾಸ್ಟರ್ ನಂಬರ್, ಎರಡನ್ನೂ ಬಾಗಿಲು ತೆರೆದಿಟ್ಟು ಅವರೇ ಬದಲಿಸುವಂತೆ ಮಾಡಿದೆ. ಒತ್ತುವಾಗ ನಾನು ಕೋಣೆಯಿಂದ ಹೊರಗೆ ನಿಂತಿದ್ದೆ.

ಕೀಲಿಕೈಗಳಲ್ಲಿ ಒಂದು ಬ್ಯಾಂಕ್ ಲಾಕರ್‌ಗೆ ಹೋಯಿತು, ಇನ್ನೊಂದು ಮನೆಗೆ. ಯಜಮಾನರಿಗೆ ಹಳೇ ಅಭ್ಯಾಸ ಬಿಡುವುದು ಸುಲಭ ಆಗಲಿಲ್ಲ, ಕೈ ತಾನಾಗಿ ಹಿಡಿಗೆ ಹೋಗುತ್ತಿತ್ತು. "ಮಾವ, ಟಕ್ ಅಂದ ಮೇಲೆ" ಎಂದು ಸೊಸೆ ಪ್ರತಿ ಸಲವೂ ನೆನಪಿಸಿದರು. ಬಾಗಿಲು ಮುಚ್ಚಿ, ತೆರೆದು, ಅವರ ಕೈಯಲ್ಲೂ ಸೊಸೆಯ ಕೈಯಲ್ಲೂ ಸಲೀಸಾಗಿ ಬರುವವರೆಗೆ ನೋಡಿದೆವು.

ಬದಲಿಸಿ ತೆಗೆದಿದ್ದ ಹಳೆ ಕೀಪ್ಯಾಡ್ ಇನ್ನೂ ಅವರ ಮೇಜಿನ ಡ್ರಾಯರ್‌ನಲ್ಲೇ ಇತ್ತು. ಹೊರಡುವ ಮೊದಲು ಅದನ್ನು ಬೋರ್ಡಿಗೆ ಜೋಡಿಸಿ ಪ್ರತಿ ಗುಂಡಿ ಒತ್ತಿ ನೋಡಿದೆ. ಎಲ್ಲ ಗುಂಡಿಯೂ ಕೆಲಸ ಮಾಡಿದವು, ಬಾಗಿಲು ಮುಚ್ಚಿದಾಗಲೂ ತೆರೆಯಿತು. ಅದು ಯಾವತ್ತೂ ಕೆಟ್ಟಿರಲಿಲ್ಲ. ಹೊಸದನ್ನೇ ಮತ್ತೆ ಕೂರಿಸಿ, ಹಳೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಪೇರ್ ಆಗಿ ಇಟ್ಟುಕೊಳ್ಳಿ ಎಂದು ಕೊಟ್ಟೆ. ಮುಂದಿನ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದಾಗ ಹಿಡಿ ಹಗುರವಾಗಿಯೇ ಇತ್ತು, ಎಳೆಯುವಾಗಿನ ರೀಡಿಂಗ್ 5.5.